‘ಅಯ್ಯ’ ಶಬ್ದದ ಮೂಲ ಮತ್ತು ವಚನಗಳಲ್ಲಿ ಅದರ ನೆಲೆ

ಮುದ್ದೇಬಿಹಾಳ ತಾಲೂಕಿನ ನಾಲತವಾಡದಲ್ಲಿ ಒಂದು ದಿನ ಕಿವಿಗೊಟ್ಟು ನಿಂತರೆ ಸಾಕು, ‘ಅಯ್ಯ’ ಎಂಬ ಎರಡಕ್ಷರದ ಶಬ್ದಕ್ಕೆ ಎಷ್ಟು ಮುಖಗಳಿವೆಯೆಂಬುದು ತಿಳಿದೀತು. ಬಿನ್ನಹಕ್ಕೆ ಬಂದ ಜಂಗಮರು ‘ಅಯ್ಯನವರು’. ಅವರ ಮನೆಯ ಬಾಲಕನಿಗೆ ಆಗುವ ಸಂಸ್ಕಾರ ‘ಅಯ್ಯಾಚಾರ’. ಮಠದ ಸ್ವಾಮಿಗಳು ಭಕ್ತರ ಬಾಯಲ್ಲಿ ‘ಅಜ್ಜಾರು’. ಜಾಲಿಯ ಮುಳ್ಳು ತುಳಿದವನ ಬಾಯಲ್ಲಿ ‘ಅಯ್ಯಯ್ಯೋ’. ಪೂಜ್ಯತೆಗೂ ನೋವಿಗೂ ಒಂದೇ ಶಬ್ದವು ಒದಗಿದ್ದು ಹೇಗೆ?

ಸಾಹಿತ್ಯದ ವಿದ್ಯಾರ್ಥಿಗಳು ಈ ಪ್ರಶ್ನೆಯನ್ನು ಒಂದೇ ಸಾಲಿನಲ್ಲಿ ಮುಗಿಸುವುದುಂಟು: ಸಂಸ್ಕೃತದ ‘ಆರ್ಯ’, ಪ್ರಾಕೃತದ ‘ಅಯ್ಯ’, ಅದರಿಂದ ಕನ್ನಡದ ‘ಅಯ್ಯ’. ಈ ನಿರುಕ್ತಿಗೆ ಆಧಾರವಿಲ್ಲವೆನ್ನಲಾಗದು. ಪಾಳಿಯಲ್ಲಿ ‘ಅಯ್ಯ’ ಎಂದರೆ ಒಡೆಯ. ‘ಅಯ್ಯಕ’ ಎಂದರೆ ತಾತ. ಸಂಸ್ಕೃತ ನಾಟಕಗಳ ಸ್ತ್ರೀಪಾತ್ರಗಳು ಪತಿಯನ್ನು ಪ್ರಾಕೃತದಲ್ಲಿ ‘ಅಜ್ಜಉತ್ತ’ ಎಂದು ಕರೆಯುತ್ತವೆ, ಅದು ‘ಆರ್ಯಪುತ್ರ’ವೇ. ಮರಾಠಿಯ ‘ಆಜಾ’, ‘ಆಜೋಬಾ’ಗಳು ಈ ದಾರಿಯಿಂದ ಬಂದವು. ನಮ್ಮ ‘ಅಜ್ಜ’ನೂ ಇದೇ ಬಳಿಯವನೆಂದು ನನ್ನ ತಿಳಿವಳಿಕೆ.

ಆದರೆ ‘ಅಯ್ಯ’ನನ್ನೂ ಅದೇ ದಾರಿಗೆ ಹಚ್ಚಿಬಿಡುವುದು ಆತುರದ ಮಾತು. ತಮಿಳಿನಲ್ಲಿ ‘ಐ’ ಎಂಬ ಏಕಾಕ್ಷರ ಶಬ್ದವಿದೆ. ಒಡೆಯ, ಪತಿ, ತಂದೆ, ಗುರು ಇವೆಲ್ಲ ಅದರ ಅರ್ಥಗಳು. ತಿರುಕ್ಕುರಳಿನಲ್ಲಿ ರಣರಂಗದ ವೀರನೊಬ್ಬನು ತನ್ನ ದೊರೆಯನ್ನು ಈ ಏಕಾಕ್ಷರದಿಂದಲೇ ಹೆಸರಿಸುತ್ತಾನೆ. ತೆಲುಗಿನ ‘ಅಯ್ಯ’ ತಂದೆ. ನೀಲಗಿರಿಯ ಕೋತರ ನುಡಿಯಲ್ಲಿಯೂ ತಂದೆಯೆಂಬ ಅರ್ಥದ ಸಜಾತಿ ರೂಪವುಂಟು. ಬರೋ ಮತ್ತು ಎಮೆನೋ ಅವರು 1961ರಲ್ಲಿ ಪ್ರಕಟಿಸಿ 1984ರಲ್ಲಿ ಪರಿಷ್ಕರಿಸಿದ ದ್ರಾವಿಡ ನಿಷ್ಪತ್ತಿಕೋಶದಲ್ಲಿ ಈ ರೂಪಗಳು ಒಂದೆಡೆ ಸೇರಿವೆ. ಎರವಲು ಶಬ್ದವು ಬೆಟ್ಟವನ್ನೇರಲಾರದೆಂದೇನೂ ಇಲ್ಲ. ಆದರೆ ಮಲೆಯ ಮಕ್ಕಳು ಹೆತ್ತ ತಂದೆಯನ್ನು ಕರೆಯುವುದಕ್ಕೂ ಪ್ರಾಕೃತದ ಸಾಲ ಬೇಕಾಯಿತೆಂದು ನಂಬುವುದು ಕಷ್ಟ. ದೇಶ್ಯವಾದ ‘ಅಯ್ಯ’ಕ್ಕೆ ಪ್ರಾಕೃತದ ‘ಅಯ್ಯ’ವು ಬಂದು ಕೂಡಿಕೊಂಡು, ತಂದೆಯ ಅರ್ಥದ ಮೇಲೆ ಒಡೆತನದ ಗೌರವವನ್ನು ಹೊದಿಸಿತೆಂದು ತಿಳಿಯುವುದೇ ಯುಕ್ತವೆನಿಸುತ್ತದೆ.

ಸಿಂಹಳದಲ್ಲಿ ಇಂಥದೇ ಶಬ್ದ ಅಣ್ಣನಿಗೆ ಸಲ್ಲುತ್ತದೆ. ಮರಾಠಿ ಹೆಣ್ಣುಮಕ್ಕಳ ‘ಅಯ್ಯಾ’ ಬರಿಯ ಬೆರಗಿನ ಉದ್ಗಾರ. ದೂರದ ಇಂಗ್ಲಿಷಿನ ‘ಸರ್’ ಕೂಡ ಹಿರಿಯನೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಇಳಿದು ಬಂದು ದರ್ಜೆಯ ಮಾತಾಯಿತು. ಮನೆಯ ಹಿರಿಯನೇ ಊರ ಒಡೆಯನಾಗುವ ಈ ಕ್ರಮ ಅನೇಕ ಭಾಷೆಗಳಲ್ಲಿದೆ. ನೋವಿನ ಕೂಗಿಗೂ ವಿವರಣೆ ಇಲ್ಲಿಯೇ ಸಿಕ್ಕುತ್ತದೆ: ಕಷ್ಟದಲ್ಲಿ ಮನುಷ್ಯನು ಅವ್ವನನ್ನು, ಅಪ್ಪನನ್ನು ಕೂಗುತ್ತಾನೆಯೇ ಹೊರತು ಅಧಿಕಾರಿಯನ್ನಲ್ಲ.

ಈ ಚರ್ಚೆ ಕೋಶಕಾರರಿಗಷ್ಟೇ ಸಂಬಂಧಿಸಿದ್ದಲ್ಲ. ‘ಅಯ್ಯ’ವು ಕೇವಲ ‘ಆರ್ಯ’ವಾದರೆ, ಶರಣರು ಕುಲೀನರ ಬಿರುದೊಂದನ್ನು ಬೇಡಿ ತೊಟ್ಟುಕೊಂಡರೆಂದಾಗುತ್ತದೆ. ಶಾಸನಗಳಲ್ಲಿ ದಂಡನಾಯಕರ, ಹೆಗ್ಗಡೆಗಳ ಹೆಸರಿನ ತುದಿಗೆ ‘ಅಯ್ಯ’ವಿರುವುದು ಸಾಮಾನ್ಯ. ಹನ್ನೆರಡನೆಯ ಶತಮಾನದಲ್ಲಿ ಅದೇ ‘ಅಯ್ಯ’ವು ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ ಎಂದು ಕಾಯಕದ ಹೆಸರಿನ ಪಕ್ಕದಲ್ಲಿಯೇ ಬಂದು ಕುಳಿತಿತು. ನಮ್ಮ ಸೀಮೆಯ ದೇವರಹಿಪ್ಪರಗಿಯ ಮಡಿವಾಳ ಮಾಚಯ್ಯನ ಹೆಸರನ್ನೇ ನೋಡಿ: ಮಡಿವಾಳನೆಂಬುದು ಮರೆಯಾಗಿಲ್ಲ, ಅಯ್ಯನೆಂಬುದು ಕುಂದಿಲ್ಲ. ಕಾಯಕವನ್ನು ಮುಚ್ಚಿಟ್ಟು ಗೌರವ ಪಡೆದದ್ದಲ್ಲ ಇದು. ಬಸವಣ್ಣನವರ ಪ್ರಸಿದ್ಧ ವಚನವೊಂದು ‘ಅಯ್ಯಾ’ ಮತ್ತು ‘ಎಲವೋ’ ಎಂಬ ಎರಡು ಸಂಬೋಧನೆಗಳನ್ನೇ ತೂಗಿ, ಸದ್ಗತಿ ದುರ್ಗತಿಗಳನ್ನು ನಾಲಗೆಯ ಮೇಲಿಟ್ಟಿದೆ. ಅಲ್ಲಿ ‘ಅಯ್ಯ’ ಹುಟ್ಟಿನಿಂದ ಬರುವುದಲ್ಲ, ಎದುರಿಗಿದ್ದವನು ಕೊಡುವುದು.

ವಚನದ ಒಳಗಣ ‘ಅಯ್ಯಾ’ವನ್ನು ಪಾದಪೂರಣವೆಂದು ಕೆಲವರು ಬಗೆಯುತ್ತಾರೆ. ಇದನ್ನು ನಾನು ಒಪ್ಪಲಾರೆ. ಛಂದಸ್ಸಿನ ಲೆಕ್ಕಕ್ಕೆ ಕಟ್ಟುಬೀಳದ ವಚನಕ್ಕೆ ಪಾದಪೂರಣವೆಲ್ಲಿಯದು? ‘ಬಲ್ಲೆ’ ಎಂಬುದು ಹೇಳಿಕೆ. ‘ಬಲ್ಲೆನಯ್ಯಾ’ ಎಂದಾಗ ಕೇಳುವವನೊಬ್ಬನು ಎದುರಿಗೆ ಬಂದು ನಿಲ್ಲುತ್ತಾನೆ, ಹೇಳಿದವನ ಅಹಂಕಾರ ಒಂದು ಮೆಟ್ಟಿಲು ಇಳಿಯುತ್ತದೆ. ಅಕ್ಕಮಹಾದೇವಿಯವರು ‘ಚೆನ್ನಮಲ್ಲಿಕಾರ್ಜುನಯ್ಯಾ’ ಎಂದು ಅಂಕಿತಕ್ಕೇ ಅದನ್ನು ಬೆಸೆದಾಗ, ತಮಿಳಿನ ‘ಐ’ಯಲ್ಲಿರುವ ಪತಿ ಎಂಬರ್ಥವೂ ಒಡೆಯನೆಂಬರ್ಥವೂ ಏಕಕಾಲಕ್ಕೆ ಜೀವಗೊಳ್ಳುತ್ತವೆ. ಇಂಗ್ಲಿಷ್ ಅನುವಾದದಲ್ಲಿ ಸ್ವಾಮಿತ್ವವನ್ನು ಉಳಿಸಿಕೊಂಡರೆ ಸಲುಗೆ ಹೋಗುತ್ತದೆ. ಸಲುಗೆಯನ್ನು ತಂದರೆ ಸ್ವಾಮಿತ್ವ ಹೋಗುತ್ತದೆ.

ಡಾ. ಫ.ಗು. ಹಳಕಟ್ಟಿಯವರು 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಹೊರತಂದ ಬಳಿಕ ವಚನಗಳು ಎಷ್ಟೋ ಸಲ ಅಚ್ಚಾಗಿವೆ. ಓಲೆಯಿಂದ ಓಲೆಗೆ ‘ಅಯ್ಯಾ’ ಸೇರುವುದೂ ಬಿಡುವುದೂ ಉಂಟು. ಸಂಪಾದಕರು ಅದನ್ನು ಲಿಪಿಕಾರನ ಚಾಳಿಯೆಂದು ತಳ್ಳಿಹಾಕದೆ ಪಾಠಾಂತರವೆಂದೇ ಗುರುತಿಸಬೇಕು. ಅನುಮಾನ ಬಂದ ಕಡೆ ಆ ಸಾಲನ್ನು ಎರಡೂ ರೀತಿಯಲ್ಲಿ ಗಟ್ಟಿಯಾಗಿ ಓದಿಕೊಂಡರೆ ಭೇದ ಕಿವಿಗೇ ತಿಳಿಯುತ್ತದೆ.