ಹೊಡೆದ ಕೈ ಯಾರದು?

ಬೆಳ್ತಂಗಡಿ ಕಡೆಯ ಗೆಳೆಯ ಮೇಷ್ಟ್ರೊಬ್ಬರ ಮನೆಯಲ್ಲಿ ನಾವು ಏಳೆಂಟು ಮಂದಿ ಕೂತು ಒಂದು ಹಳೆಯ ಜಪಾನೀ ಸಿನೆಮಾ ನೋಡಿದೆವು. 1975ರದ್ದು. ನಿರ್ದೇಶಕ ಕಜುಹಿಕೊ ಯಮಗುಚಿ. ಹೊರದೇಶಗಳಲ್ಲಿ ಅದು 'ಚಾಂಪಿಯನ್ ಆಫ್ ಡೆತ್' ಎಂಬ ಹೆಸರಿನಲ್ಲಿ ಓಡಿತು. ಕ್ಯೊಕುಶಿನ್ ಎಂಬ ಕರಾಟೆ ಪಂಥ ಕಟ್ಟಿದ ಮಸುತತ್ಸು ಒಯಾಮನ ಜೀವನಕಥೆ. ನಾಯಕನ ಪಾತ್ರ ಮಾಡಿದ ಸಾನಿ ಚೀಬಾ ಸ್ವತಃ ಒಯಾಮನ ಶಿಷ್ಯ. ನಮ್ಮ ಜೊತೆ ಶನಿವಾರ ಸಂಜೆ ಶಾಲೆಯ ಅಂಗಳದಲ್ಲಿ ಕರಾಟೆ ಕಲಿಯುವ ಮೂವರು ಹುಡುಗರೂ ಇದ್ದರು. ಅವರಿಗಂತೂ ಹಬ್ಬ. ನಾಯಕ ಗೂಳಿಯ ಎದುರು ಬರಿಗೈಲಿ ನಿಂತಾಗ ಶಿಳ್ಳೆಯೋ ಶಿಳ್ಳೆ.

ಸಿನೆಮಾ ಮುಗಿಯಿತು. ಒಬ್ಬ ಹುಡುಗ ಕೇಳಿದ: "ಸರ್, ಇವ ಯಾವ ಜಾತಿಯವ?"

ಎಲ್ಲರೂ ನಕ್ಕರು. ಜಪಾನಿನಲ್ಲೂ ಜಾತಿ ಹುಡುಕ್ತೀಯೇನೋ ಎಂದು ಮೇಷ್ಟ್ರು ಗದರಿದರು. ನಾವು ನಗಲಿಲ್ಲ. ಒಂದೂವರೆ ಗಂಟೆ ಹೊತ್ತು ಆ ಸಿನೆಮಾ ಯಾವುದನ್ನು ಬಚ್ಚಿಟ್ಟಿತ್ತೋ ಅದನ್ನೇ ಹುಡುಗ ಕೇಳಿದ್ದ.

ಒಯಾಮ ಹುಟ್ಟಿನಿಂದ ಜಪಾನಿನವನಲ್ಲ. 1923ರಲ್ಲಿ ಕೊರಿಯಾದಲ್ಲಿ ಹುಟ್ಟಿದವನು. ಹುಟ್ಟಿದ ಹೆಸರು ಚೊಯ್ ಯೊಂಗ್‌ಇ. 1910ರಿಂದ 1945ರ ತನಕ ಕೊರಿಯಾ ಜಪಾನಿನ ಕಾಲಡಿಯಲ್ಲಿತ್ತು. 1940ರಲ್ಲಿ ಕೊರಿಯದವರು ತಮ್ಮ ಮನೆತನದ ಹೆಸರು ಬಿಟ್ಟು ಜಪಾನೀ ಹೆಸರು ಇಟ್ಟುಕೊಳ್ಳಬೇಕೆಂದು ಆಳುವವರು ಒತ್ತಾಯ ಹೇರಿದರು. ಹದಿಹರೆಯದಲ್ಲೇ ಜಪಾನಿಗೆ ಹೋದ ಚೊಯ್ ಅಲ್ಲಿ ಒಯಾಮನಾದ. ಅವನಿಗೆ ಗೊಜು ಶೈಲಿ ಕಲಿಸಿದ ಗುರುವೂ ಕೊರಿಯದವನೇ. ಸಿನೆಮಾದಲ್ಲಿ ಮಾತ್ರ ಅವನು ಮೊದಲಿನಿಂದ ಕೊನೆಯ ತನಕ ಜಪಾನೀ ಹೆಸರಿನ ಜಪಾನೀ ವೀರ. ಸೋತ ಜಪಾನಿನ ಬೀದಿಯಲ್ಲಿ ಅಮೆರಿಕದ ಸಿಪಾಯಿಗಳಿಗೆ ಹೊಡೆಯುತ್ತಾನೆ. ಜಪಾನೀ ಪ್ರೇಕ್ಷಕನ ಎದೆ ಉಬ್ಬುತ್ತದೆ. ಆ ಕೈ ಜಪಾನ್ ತುಳಿದ ನಾಡಿನ ಕೈ ಎಂದು ತಿಳಿದಿದ್ದರೆ ಆ ಎದೆ ಅಷ್ಟೇ ಉಬ್ಬುತ್ತಿತ್ತೇ?

ಗೆಳೆಯರೆ, ಪೇಟೆಯಲ್ಲಿ ಬಾಡಿಗೆ ಮನೆ ಕೇಳಲು ಹೋಗುವಾಗ ಹೆಸರನ್ನು, ಊರನ್ನು, ಕೇರಿಯನ್ನು ನುಂಗಿಕೊಳ್ಳುವ ಸಂಕಟ ನಮಗೆ ಹೊಸದೇ? ಹೆಸರು ಬಚ್ಚಿಟ್ಟವನನ್ನು ನಾವು ದೂರುವುದಿಲ್ಲ. ಬಚ್ಚಿಡುವಂತೆ ಮಾಡಿದ ವ್ಯವಸ್ಥೆಯನ್ನು ತೋರಿಸದೆ ಬರೀ ಅವನ ಹೊಡೆತವನ್ನು ಮಾರಿದ ಸಿನೆಮಾವನ್ನು ದೂರುತ್ತೇವೆ.

ಕರಾಟೆಯ ಕಥೆಯೂ ಹೀಗೇ. ಅದು ಟೋಕಿಯೋದ ವಿದ್ಯೆಯಲ್ಲ, ಒಕಿನಾವ ದ್ವೀಪದ್ದು. ಅಲ್ಲಿದ್ದ ಬೇರೆಯೇ ರಾಜ್ಯವನ್ನು 1879ರಲ್ಲಿ ಜಪಾನ್ ನುಂಗಿತು. 'ಕರಾಟೆ' ಎಂಬುದಕ್ಕೆ ಮೊದಲು ಬರೆಯುತ್ತಿದ್ದ ಅಕ್ಷರಗಳ ಅರ್ಥ 'ಚೀನೀ ಕೈ'. ಜಪಾನಿನ ಯಜಮಾನರಿಗೆ ಅದು ರುಚಿಸುವಂತಿರಲಿಲ್ಲ. 1930ರ ದಶಕದಲ್ಲಿ, ಉಚ್ಚಾರ ಹಾಗೆಯೇ ಇಟ್ಟು, ಅಕ್ಷರ ಬದಲಾಯಿಸಿ 'ಬರಿಗೈ' ಎಂದು ಮಾಡಿದರು. ಮನುಷ್ಯನಂತೆ ವಿದ್ಯೆಯೂ ಮೇಲಿನವರ ಮನೆಯೊಳಗೆ ಹೋಗಲು ತನ್ನ ಗುರುತನ್ನು ಜಗಲಿಯಲ್ಲಿ ಬಿಟ್ಟು ಹೋಗಬೇಕಾಯಿತು.

ಆದರೆ ಸಿನೆಮಾದಲ್ಲಿ ಒಂದು ಒಳ್ಳೆಯ ಭಾಗವಿದೆ. ಅದನ್ನು ಹೇಳದಿದ್ದರೆ ಅನ್ಯಾಯ. ಜಗಳದಲ್ಲಿ ನಾಯಕನ ಕೈಯಿಂದ ಒಬ್ಬನ ಪ್ರಾಣ ಹೋಗುತ್ತದೆ. ಸತ್ತವನಿಗೆ ಹೆಂಡತಿಯಿದ್ದಾಳೆ, ಮಗನಿದ್ದಾನೆ. ನಾಯಕ ಅವರ ಊರಿಗೆ ಹೋಗಿ, ಬೈಗುಳ ತಿಂದು, ಅವರ ಹೊಲದಲ್ಲಿ ದುಡಿಯುತ್ತಾನೆ. ಕೊಂದ ಕೈ ಮಣ್ಣು ಅಗೆಯುತ್ತದೆ. ಹೊಡೆತಕ್ಕೆ ಬೆಲೆ ಇದೆ, ಅದನ್ನು ಯಾರೋ ತೆರುತ್ತಾರೆ ಎಂದು ಸಿನೆಮಾ ಒಪ್ಪಿಕೊಳ್ಳುವುದು ಇಲ್ಲಿ. ಆದರೂ ನೋಡಿ, ನಾಯಕನಿಗೆ ಆ ದುಡಿಮೆ ಪ್ರಾಯಶ್ಚಿತ್ತ. ಆ ಹೆಂಗಸಿಗೆ ಅದು ನಿತ್ಯದ ಬದುಕು. ಅವನು ಹೊಲ ಬಿಟ್ಟು ಕಣಕ್ಕೆ ಹೋದ ಕೂಡಲೆ ಸಿನೆಮಾವೂ ಅವನ ಹಿಂದೆಯೇ ಹೋಗುತ್ತದೆ. ಅವಳು ಹೊಲದಲ್ಲೇ ಉಳಿಯುತ್ತಾಳೆ.

2004ರಲ್ಲಿ ಕೊರಿಯದವರು ಇದೇ ಮನುಷ್ಯನ ಮೇಲೆ 'ಫೈಟರ್ ಇನ್ ದ ವಿಂಡ್' ತೆಗೆದು ಕೊರಿಯದ ಹೆಸರನ್ನು ವಾಪಸು ಕೊಟ್ಟರು. ಒಳ್ಳೆಯದೇ. ಆದರೆ ಅಲ್ಲಿ ಅವನು ಇನ್ನೊಂದು ದೇಶದ ಬಾವುಟವಾದ. ಮರೆಸಿದರೆ ಒಂದು ಲಾಭ, ಮೆರೆಸಿದರೆ ಇನ್ನೊಂದು ಲಾಭ.

ಅಷ್ಟು ದೂರ ಯಾಕೆ, ನಮ್ಮ ಕಾಲ ಬುಡಕ್ಕೇ ಬರೋಣ. ತುಳುನಾಡಿನಲ್ಲಿ ಕೈಕಾಲಿನ ವಿದ್ಯೆಗೆ ಗರಡಿ ಇತ್ತು. ಗರಡಿಯ ವೀರರು ಕೋಟಿ ಚೆನ್ನಯರು, ಬಿಲ್ಲವರು. 1973ರಲ್ಲಿ ವಿಶುಕುಮಾರ್ ಅವರ ಮೇಲೆ ತುಳು ಸಿನೆಮಾ ಮಾಡಿದರು. 2006ರ ಸಾಲಿನಲ್ಲಿ ಆನಂದ್ ಪಿ. ರಾಜು ಅವರ 'ಕೋಟಿ ಚೆನ್ನಯ'ಕ್ಕೆ ರಾಷ್ಟ್ರ ಪ್ರಶಸ್ತಿಯೂ ಬಂತು. ಪಾಡ್ದನ ಬಲ್ಲವರಿಗೆ ಗೊತ್ತು: ಪಡುಮಲೆಯ ಬಲ್ಲಾಳನ ಕಾಲಿನ ಹುಣ್ಣು ವಾಸಿಮಾಡಿದವಳು ದೇಯಿ ಬೈದ್ಯೆತಿ. ಬಲ್ಲಾಳ ಮಾತು ಕೊಟ್ಟ, ನಡೆಸಲಿಲ್ಲ. ಬುದ್ಯಂತನೊಡನೆ ಜಗಳ ಎದ್ದದ್ದು ಗದ್ದೆಯಲ್ಲಿ. ಸುರಿಯ ಎತ್ತುವ ಮೊದಲು ಆ ಮಕ್ಕಳು ನ್ಯಾಯ ಕೇಳಿದ್ದರು. ಈ ಕಥೆಯಲ್ಲಿ ಜಾತಿಯನ್ನು ಮುಚ್ಚಿಡಲು ಆಗುವುದಿಲ್ಲ. ಮುಚ್ಚಿಟ್ಟರೆ ಕಥೆಯೇ ಉಳಿಯುವುದಿಲ್ಲ.

ಇಸವಿ ಗಮನಿಸಿ. 1973ರಲ್ಲಿ ಸಿನೆಮಾ. 1974ರ ಮಾರ್ಚ್ 1ರಿಂದ ದೇವರಾಜ ಅರಸರ ಕಾಲದ ಭೂಸುಧಾರಣೆ ತಿದ್ದುಪಡಿ ಜಾರಿ. ಗೇಣಿ ರದ್ದಾಯಿತು, ಉಳುವವ ಒಡೆಯನಾಗಲು ಅರ್ಜಿ ಹಾಕಿದ. ಈ ಜಿಲ್ಲೆಯಲ್ಲಿ ಬಿಲ್ಲವ ಗೇಣಿದಾರರು ಅನೇಕರು ಗದ್ದೆಗೆ ಒಡೆಯರಾದರು. ಬಲ್ಲಾಳ ಕೊಡದೇ ಹೋದದ್ದು ಎಷ್ಟೋ ಕಾಲದ ಮೇಲೆ ಡಿಕ್ಲರೇಶನ್ ಫಾರಮ್ಮಿನಲ್ಲಿ ಬಂತು. ಆದರೆ ಅದೇ ಗದ್ದೆಯಲ್ಲಿ ಕೂಲಿಗೆ ದುಡಿದ ದಲಿತನ ಹೆಸರಿನಲ್ಲಿ ಗೇಣಿಯ ಚೀಟಿ ಇರಲಿಲ್ಲ. ಅವನು ಅರ್ಜಿಯಲ್ಲಿ ಏನು ಬರೆಯಬೇಕಿತ್ತು? ಘಟ್ಟದ ಮೇಲಿನಿಂದ ಬಿತ್ತದ ಭತ್ತ ತಂದ ಕಾನದ ಕಟದರ ಪಾಡ್ದನವನ್ನೂ ಇದೇ ನಾಡು ಹಾಡುತ್ತದೆ. ಬೀಜ ತಂದವರ ಮಕ್ಕಳಿಗೆ ಗದ್ದೆ ಬರಲಿಲ್ಲ.

ವೀರ ದೈವವಾದ ಮೇಲೆ ಕೈಮುಗಿಯುವುದು ಸುಲಭ. ಬದುಕಿದ್ದಾಗ ಕೇಳಿದ ನೆಲ ಕೊಡುವುದು ಕಷ್ಟ. ಸಿನೆಮಾ ನೋಡಿದವರ ನೆನಪಿನಲ್ಲೂ ಸುರಿಯ ಉಳಿಯುತ್ತದೆ, ಗದ್ದೆ ಹೋಗುತ್ತದೆ.

ಹಾಗಾದರೆ ನಮ್ಮ ಹುಡುಗರು ಕರಾಟೆ ಬಿಡಬೇಕೇ? ಖಂಡಿತ ಇಲ್ಲ. ಗರಡಿಯ ಅಂಗಳದಲ್ಲಿ ಎಷ್ಟು ದೂರ ನಿಲ್ಲಬೇಕೆಂದು ನಮ್ಮ ಅಜ್ಜಂದಿರಿಗೆ ಗೊತ್ತಿತ್ತು. ಕರಾಟೆ ಕ್ಲಾಸಿನಲ್ಲಿ ಮೊಮ್ಮಗ ಎದುರಾಳಿಯ ಮೈಮುಟ್ಟಿ ಹೊಡೆಯುತ್ತಾನೆ, ಹೊಡೆಸಿಕೊಳ್ಳುತ್ತಾನೆ, ತಲೆಬಾಗಿ ನಮಸ್ಕಾರ ಪಡೆಯುತ್ತಾನೆ. ಇದು ಸಣ್ಣ ಮಾತಲ್ಲ. ಆದರೆ ಪ್ರಶ್ನೆ ಕೇಳಿದ ಆ ಹುಡುಗ ಹಳದಿ ಬೆಲ್ಟಿಗೇ ನಿಂತಿದ್ದಾನೆ. ಮುಂದಿನ ಬೆಲ್ಟಿನ ಪರೀಕ್ಷೆಗೆ ಫೀಸು ಕಟ್ಟಬೇಕು. ಅವನ ಅಮ್ಮ ಬೀಡಿ ಕಟ್ಟುತ್ತಾಳೆ. ಬರಿಗೈ ವಿದ್ಯೆಗೂ ಕೈಯಲ್ಲಿ ಕಾಸು ಬೇಕು.

ಮೇಷ್ಟ್ರುಗಳಲ್ಲಿ ನಮ್ಮದೊಂದು ಕೇಳಿಕೆ. ಈ ಸಿನೆಮಾಗಳನ್ನು ಮಕ್ಕಳಿಗೆ ತೋರಿಸಿ, ಅವರು ಶಿಳ್ಳೆ ಹೊಡೆಯಲಿ. ಮುಗಿದ ಮೇಲೆ ದೀಪ ಹಾಕಿ ಕೇಳಿ: ಇವನ ನಿಜವಾದ ಹೆಸರೇನು? ಮೊದಲು ಇವನಿಗೆ ಹೊಡೆದವರು ಯಾರು? ಇವನು ಗೆದ್ದ ಮೇಲೆ ಗದ್ದೆ ಯಾರ ಕೈಗೆ ಹೋಯಿತು? ಹುಡುಗ ಜಾತಿ ಕೇಳಿದರೆ ಗದರಬೇಡಿ. ಅವನು ಕೇಳುತ್ತಿರುವುದು, ಇವ ನನ್ನವನಾ ಎಂದು.