ಸೂಜಿಯ ಕಣ್ಣು: ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸಿನ ನಾಯಕತ್ವ ಪತ್ರವೊಂದರ ವಿಮರ್ಶೆ

ರಾಜಕೀಯ ಪಕ್ಷಗಳು ತಮ್ಮ ವಿರೋಧಿಗಳನ್ನು ಕುರಿತು ಬರೆದ ಪತ್ರಗಳು ಇತಿಹಾಸದ ವಿದ್ಯಾರ್ಥಿಗೆ ಹೇರಳವಾಗಿ ದೊರೆಯುತ್ತವೆ. ತಮ್ಮೊಳಗಿನ ರೋಗವನ್ನು ತಾವೇ ಗುರುತಿಸಿ ಬರೆದುಕೊಂಡವು ವಿರಳ. ದಕ್ಷಿಣ ಆಫ್ರಿಕವನ್ನು 1994ರಿಂದ 2024ರವರೆಗೆ ಬಹುಮತದಿಂದ ಆಳಿದ ಆಫ್ರಿಕನ್ ನ್ಯಾಷನಲ್ ಕಾಂಗ್ರೆಸ್ಸು 2001ರಲ್ಲಿ ತನ್ನ ‘ಉಮ್ರಬುಲೊ’ ಪತ್ರಿಕೆಯಲ್ಲಿ ಪ್ರಕಟಿಸಿದ ಚರ್ಚಾಪತ್ರವೊಂದು ಅಂತಹ ವಿರಳ ಬರಹಗಳ ಸಾಲಿಗೆ ಸೇರುತ್ತದೆ. ‘ಸೂಜಿಯ ಕಣ್ಣಿನ ಮೂಲಕ?’ ಎಂಬರ್ಥದ ಅದರ ಹೆಸರು ಐಶ್ವರ್ಯವಂತನನ್ನೂ ಒಂಟೆಯನ್ನೂ ಕುರಿತ ಕ್ರೈಸ್ತ ದೃಷ್ಟಾಂತದಿಂದ ಬಂದುದು. ಹೆಸರಿನ ಕೊನೆಯಲ್ಲಿರುವ ಪ್ರಶ್ನಚಿಹ್ನೆಯನ್ನು ವಾಚಕರು ಮರೆಯಬಾರದು.

ನಾಯಕರನ್ನು ಹೇಗೆ ಆರಿಸಬೇಕು, ನಾಯಕನಾಗುವವನಲ್ಲಿ ಯಾವ ಗುಣಗಳಿರಬೇಕು ಎಂಬುದೇ ಪತ್ರದ ವಿಷಯ. ಪ್ರಾಮಾಣಿಕತೆ, ವಿನಯ, ಶಿಸ್ತು, ಜನಸೇವೆಯಲ್ಲಿ ನಿಷ್ಠೆ ಇವನ್ನು ಅದು ಎಣಿಸಿ ಹೇಳುತ್ತದೆ. ಪಕ್ಷವು ಅಧಿಕಾರಕ್ಕೆ ಬಂದ ಮೇಲೆ ಸ್ಥಾನಮಾನಗಳ ಆಸೆಯಿಂದ ಬಂದು ಸೇರುವವರು ಹೆಚ್ಚಿದ್ದಾರೆಂದು ಮುಚ್ಚುಮರೆಯಿಲ್ಲದೆ ಒಪ್ಪಿಕೊಳ್ಳುತ್ತದೆ. ತಮ್ಮ ಹೆಸರನ್ನು ತಾವೇ ಮುಂದುಮಾಡುವವರನ್ನೂ, ಸಿದ್ಧಪಡಿಸಿದ ಪಟ್ಟಿಗಳನ್ನು ಕಿವಿಯಿಂದ ಕಿವಿಗೆ ಹರಿಯಬಿಡುವವರನ್ನೂ ಖಂಡಿಸುತ್ತದೆ. ಶಾಖೆಯ ಸದಸ್ಯನು ತನ್ನ ಬುದ್ಧಿಯಿಂದಲೇ ಯೋಚಿಸಿ ಮತ ಕೊಡಬೇಕೆಂದು ಕೇಳಿಕೊಳ್ಳುತ್ತದೆ. ಇವೆಲ್ಲ ಸುಂದರವಾದ ಮಾತುಗಳು. ಬರೆದವರ ಪ್ರಾಮಾಣಿಕತೆಯನ್ನು ಸಂದೇಹಿಸಲು ನನಗೆ ಕಾರಣ ಕಾಣುವುದಿಲ್ಲ. ಆದರೂ ಪತ್ರದ ಮೂಲಕಲ್ಪನೆಯಲ್ಲಿ ಒಂದು ದೋಷವಿದೆ. ಭ್ರಷ್ಟತೆಯು ಹೊರಗಿನಿಂದ ಒಳನುಗ್ಗುವ ಕೆಟ್ಟ ಮನುಷ್ಯರ ಶೀಲದೋಷ, ಒಳ್ಳೆಯ ಜರಡಿಯಿದ್ದರೆ ಅದನ್ನು ಸೋಸಿ ತೆಗೆಯಬಹುದು ಎಂದು ಅದು ನಂಬಿದೆ. ಜರಡಿಯನ್ನು ಹಿಡಿದವನ ಜೀವನೋಪಾಯವು ಯಾರ ಕೈಯಲ್ಲಿದೆ ಎಂಬ ಪ್ರಶ್ನೆಯನ್ನು ಅದು ಎತ್ತಲೇ ಇಲ್ಲ.

ಪತ್ರವು ಹೊರಟ ಕಾಲವನ್ನು ಗಮನಿಸಬೇಕು. ಅದೇ 2001ರ ಏಪ್ರಿಲ್ ತಿಂಗಳಲ್ಲಿ ಪೊಲೀಸ್ ಖಾತೆಯನ್ನು ನೋಡಿಕೊಳ್ಳುತ್ತಿದ್ದ ಮಂತ್ರಿ ಸ್ಟೀವ್ ಶ್ವೆಟೆ ಅವರು, ಅಧ್ಯಕ್ಷ ಥಾಬೊ ಎಂಬೆಕಿಯವರ ವಿರುದ್ಧ ಒಳಸಂಚು ನಡೆದಿದೆಯೆಂಬ ಆರೋಪದ ವಿಚಾರಣೆಯಾಗುತ್ತಿದೆಯೆಂದು ಸಾರಿ, ಸಿರಿಲ್ ರಾಮಫೋಸ, ಮ್ಯಾಥ್ಯೂಸ್ ಫೋಸ, ಟೋಕ್ಯೊ ಸೆಕ್ಸ್‌ವಾಲೆ ಎಂಬ ಮೂವರ ಹೆಸರನ್ನು ದೂರದರ್ಶನದಲ್ಲಿ ಹೇಳಿದರು. ವರ್ಷದ ಕೊನೆಗೆ ಮೂವರೂ ದೋಷಮುಕ್ತರಾದರು. ಆದರೆ ಅಧ್ಯಕ್ಷಪದವಿಗೆ ಸ್ಪರ್ಧಿಸುವ ಬಯಕೆಯೇ ದ್ರೋಹಕ್ಕೆ ಸಮೀಪವಾದುದು ಎಂಬ ಭಾವನೆ ಪಕ್ಷದಲ್ಲಿ ಬೇರೂರಿತು. ಆ ಹವೆಯಲ್ಲಿ ಓದಿದಾಗ, ತನ್ನನ್ನು ತಾನು ಮುಂದುಮಾಡಿಕೊಳ್ಳಬಾರದೆಂಬ ಪತ್ರದ ಉಪದೇಶವು ಬೇರೊಂದು ಅರ್ಥವನ್ನು ತಳೆಯುತ್ತದೆ. ಸ್ಪರ್ಧೆಯನ್ನು ಬಹಿರಂಗವಾಗಿ ನಡೆಸುವಂತಿಲ್ಲ; ಆದ್ದರಿಂದ ಅದು ಗುಟ್ಟಾಗಿ ನಡೆಯಬೇಕು. ಗುಟ್ಟಾಗಿ ನಡೆಯುವ ಸ್ಪರ್ಧೆಗೆ ಲೆಕ್ಕಪತ್ರವಿಲ್ಲ.

ಹಿಂದಿನ ಕಾಲವು ನಿರ್ಮಲವಾಗಿತ್ತು, ಅಧಿಕಾರ ಬಂದ ಮೇಲೆ ಕೆಟ್ಟಿತು ಎಂಬುದು ಪಕ್ಷದ ಹಿತೈಷಿಗಳು ಸಾಮಾನ್ಯವಾಗಿ ಹೇಳುವ ಮಾತು. ಇದು ಅರ್ಧಸತ್ಯ. 1912ರಲ್ಲಿ ಬ್ಲೂಮ್‌ಫಾಂಟೇನಿನಲ್ಲಿ ಹುಟ್ಟಿದ ಈ ಸಂಸ್ಥೆಯಲ್ಲಿ ಅಧ್ಯಕ್ಷರನ್ನು ಇಳಿಸುವುದು ಅಪೂರ್ವವಾದ ಸಂಗತಿಯಾಗಿರಲಿಲ್ಲ. 1949ರಲ್ಲಿ ಯುವಕಸಂಘದವರು ಡಾಕ್ಟರ್ ಕ್ಸೂಮ ಅವರನ್ನು ಬಿಟ್ಟು ಡಾಕ್ಟರ್ ಮೊರೋಕ ಅವರನ್ನು ತಂದರು. ಮೂರೇ ವರ್ಷಗಳಲ್ಲಿ, 1952ರ ಡಿಸೆಂಬರಿನಲ್ಲಿ, ಮೊರೋಕರ ಸ್ಥಾನಕ್ಕೆ ಆಲ್ಬರ್ಟ್ ಲುಥುಲಿ ಬಂದರು. ಅಂದು ಗೆದ್ದವನಿಗೆ ದೊರೆಯುತ್ತಿದ್ದುದು ಪೊಲೀಸರ ಕಾವಲು, ನಿಷೇಧಾಜ್ಞೆ, ಸೆರೆಮನೆ. ಹಂಚಿಕೊಡಲು ಏನೂ ಇಲ್ಲದ ಪದವಿಗಾಗಿ ಹಣ ಸುರಿಯುವವರು ಯಾರು?

ಸತ್ಯದ ಉಳಿದರ್ಧವು 1969ರಲ್ಲಿ ಕಾಣುತ್ತದೆ. ಆಗ ಪಕ್ಷವು ಜಾಂಬಿಯ, ಟಾಂಜಾನಿಯಗಳಲ್ಲಿ ದೇಶಾಂತರವಾಸದಲ್ಲಿತ್ತು. 1967ರಲ್ಲಿ ವಾಂಕಿ ಪ್ರದೇಶದಲ್ಲಿ ಹೋರಾಡಿ, ಬೋಟ್ಸ್ವಾನದ ಸೆರೆಯಿಂದ ಬಿಡುಗಡೆಯಾಗಿ ಬಂದ ತರುಣ ಯೋಧ ಕ್ರಿಸ್ ಹಾನಿ ಮತ್ತು ಅವರ ಆರು ಮಂದಿ ಸಂಗಡಿಗರು ಒಂದು ನಿವೇದನಾಪತ್ರ ಬರೆದರು. ನಾಯಕರು ಸುಖಜೀವಿಗಳಾಗಿದ್ದಾರೆ, ವಿದೇಶಯಾತ್ರೆಗಳಲ್ಲಿ ಮುಳುಗಿದ್ದಾರೆ, ಕೆಲವರು ಸ್ವಂತ ವ್ಯಾಪಾರವನ್ನೂ ನಡೆಸುತ್ತಿದ್ದಾರೆ ಎಂಬುದು ಅದರ ದೂರು. ಸೇನಾಪತಿ ಜೋ ಮೊಡೀಸೆಯವರ ಮೇಲೂ ಟೀಕೆಯಿತ್ತು. ಬರೆದವರನ್ನು ಪಕ್ಷದಿಂದ ಹೊರಹಾಕಲಾಯಿತು. ಆದರೆ ಅವರ ದೂರೇ ಅದೇ ವರ್ಷ ಮೊರೊಗೊರೊ ಸಮ್ಮೇಳನಕ್ಕೆ ಒಂದು ಮುಖ್ಯ ಕಾರಣವಾಯಿತು. ಅಲ್ಲಿ ಆಲಿವರ್ ಟಾಂಬೊ ತಮ್ಮ ಪದವಿಯನ್ನು ಸಭೆಯ ಮುಂದಿಟ್ಟು, ಸಭೆಯ ವಿಶ್ವಾಸವನ್ನು ಪಡೆದು ಮುಂದುವರಿದರು. ಹಾನಿಯವರನ್ನೂ ಸಂಗಡಿಗರನ್ನೂ ಮತ್ತೆ ಸೇರಿಸಿಕೊಳ್ಳಲಾಯಿತು. ಮೊಡೀಸೆ 1994ರಿಂದ 1999ರವರೆಗೆ ಸ್ವತಂತ್ರ ರಾಷ್ಟ್ರದ ರಕ್ಷಣಾಮಂತ್ರಿಯಾಗಿದ್ದರು. ಸುಮಾರು 3,000 ಕೋಟಿ ರ‍್ಯಾಂಡ್ ಬೆಲೆಯ ಶಸ್ತ್ರಾಸ್ತ್ರಗಳ ಖರೀದಿಯ ಆಯ್ಕೆಯೆಲ್ಲ ಆ ವರ್ಷಗಳಲ್ಲೇ ನಡೆಯಿತು. ಇದರಿಂದ ಅವರ ಅಪರಾಧ ಸಿದ್ಧವಾಯಿತೆಂದು ನಾನು ಹೇಳುವುದಿಲ್ಲ. ಯಾವ ನ್ಯಾಯಾಲಯವೂ ಹಾಗೆ ಹೇಳಿಲ್ಲ. ನಾನು ಗಮನಕ್ಕೆ ತರುವುದು ಇಷ್ಟೇ: 1969ರ ತರುಣರು ಎತ್ತಿದ ಪ್ರಶ್ನೆಯನ್ನು ವಿಚಾರಿಸುವ ಒಂದು ಶಾಶ್ವತ ವ್ಯವಸ್ಥೆಯನ್ನು ಪಕ್ಷವು ಮುಂದಿನ ಮೂವತ್ತು ವರ್ಷಗಳಲ್ಲಿ ಕಟ್ಟಿಕೊಳ್ಳಲಿಲ್ಲ. 2001ರ ಪತ್ರದಲ್ಲಿಯೂ ಅದು ಇಲ್ಲ.

ಇನ್ನು ಶಾಖೆಯ ವಿಷಯ. ಐದು ವರ್ಷಗಳಿಗೊಮ್ಮೆ ಸೇರುವ ರಾಷ್ಟ್ರೀಯ ಅಧಿವೇಶನದಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಪ್ರತಿನಿಧಿಗಳು ಶಾಖೆಗಳಿಂದ ಬರುತ್ತಾರೆ. ಕಾಗದದ ಮೇಲೆ ಇದಕ್ಕಿಂತ ಹೆಚ್ಚಿನ ಪ್ರಜಾಪ್ರಭುತ್ವ ಬೇಕಿಲ್ಲ. ಆದರೆ ಉದ್ಯೋಗವಿಲ್ಲದ ಒಂದು ಸಣ್ಣ ಊರನ್ನು ಊಹಿಸಿಕೊಳ್ಳಿ. ಅಲ್ಲಿ ಸಂಬಳ ಬರುವುದು ಪೌರಸಭೆಯಿಂದ. ರಸ್ತೆಯ, ನೀರಿನ, ಮನೆಗಳ ಗುತ್ತಿಗೆ ಬರುವುದೂ ಅಲ್ಲಿಂದಲೇ. ಪೌರಸಭೆಯ ಸದಸ್ಯನಾರಾಗಬೇಕೆಂಬುದನ್ನು ಪಕ್ಷ ನಿರ್ಧರಿಸುತ್ತದೆ, ಪಕ್ಷದಲ್ಲಿ ಯಾರ ಕೈ ಮೇಲಾಗಿದೆಯೆಂಬುದನ್ನು ಅಧಿವೇಶನ ನಿರ್ಧರಿಸುತ್ತದೆ. ಹೀಗಿರುವಾಗ ಶಾಖೆಯ ಪ್ರತಿನಿಧಿಗೆ ಮತವೆಂಬುದು ಅಭಿಪ್ರಾಯವಲ್ಲ, ಅನ್ನ. 2007ರಲ್ಲಿ ಆರು ಲಕ್ಷದಷ್ಟಿದ್ದ ಸದಸ್ಯರ ಸಂಖ್ಯೆ 2012ಕ್ಕೆ ಹತ್ತು ಲಕ್ಷವನ್ನು ಮೀರಿತು. ಈ ಬೆಳವಣಿಗೆಯನ್ನು ಜನಪ್ರಿಯತೆಯ ಗುರುತೆಂದು ಓದಲು ಕಷ್ಟವಾಗುತ್ತದೆ. ಆ ವರ್ಷಗಳ ನಡುವೆ ಬಂದ 2009ರ ಮಹಾಚುನಾವಣೆಯಲ್ಲಿ ಪಕ್ಷಕ್ಕೆ ಬಿದ್ದ ಮತಗಳ ಪ್ರಮಾಣ ಇಳಿದಿತ್ತು.

ಎಂಬೆಕಿ ಮತ್ತು ಜೇಕಬ್ ಝೂಮ ಅವರ ಕಲಹವು ಇದರ ನಿಜವಾದ ಪರೀಕ್ಷೆ. 2005ರ ಜೂನಿನಲ್ಲಿ ಝೂಮರ ಹಣಕಾಸಿನ ಸಲಹೆಗಾರ ಶಬೀರ್ ಶೇಖ್ ಲಂಚದ ಅಪರಾಧಿಯೆಂದು ತೀರ್ಪಾಯಿತು. ಹದಿನೈದು ವರ್ಷಗಳ ಶಿಕ್ಷೆ. ಝೂಮರಿಗೆ ಸಂದಾಯವಾದ ಹಣವೇ ಆ ಮೊಕದ್ದಮೆಯ ಕೇಂದ್ರವಾಗಿತ್ತು. ಎಂಬೆಕಿ ಕೆಲವೇ ದಿನಗಳಲ್ಲಿ ಝೂಮರನ್ನು ರಾಷ್ಟ್ರದ ಉಪಾಧ್ಯಕ್ಷಪದವಿಯಿಂದ ತೆಗೆದರು. ‘ಸೂಜಿಯ ಕಣ್ಣು’ ಕೆಲಸ ಮಾಡಬೇಕಾಗಿದ್ದ ಸಂದರ್ಭ ಇದೇ. ಆದರೆ ಸ್ವಲ್ಪ ದಿನಗಳಲ್ಲೇ ಸೇರಿದ ಪಕ್ಷದ ಮಹಾಮಂಡಲಿಯ ಸಭೆಯಲ್ಲಿ ಶಾಖೆಗಳ ಪ್ರತಿನಿಧಿಗಳು ಬಂಡೆದ್ದು, ಪಕ್ಷದ ಉಪಾಧ್ಯಕ್ಷರಾಗಿ ಝೂಮರ ಕಾರ್ಯಭಾರವನ್ನು ಅವರಿಗೇ ಮರಳಿ ಕೊಡಿಸಿದರು. 2007ರ ಡಿಸೆಂಬರಿನ ಪೋಲೋಕ್ವಾನೆ ಅಧಿವೇಶನದಲ್ಲಿ ಝೂಮರಿಗೆ 2,329 ಮತಗಳು, ಎಂಬೆಕಿಯವರಿಗೆ 1,505. ಭ್ರಷ್ಟಾಚಾರವನ್ನು ತನಿಖೆಮಾಡುತ್ತಿದ್ದ ‘ಸ್ಕಾರ್ಪಿಯನ್ಸ್’ ದಳವನ್ನು ವಿಸರ್ಜಿಸಬೇಕೆಂದು ಅದೇ ಅಧಿವೇಶನ ನಿರ್ಣಯಿಸಿತು. 2008ರ ಸೆಪ್ಟೆಂಬರಿನಲ್ಲಿ ಪಕ್ಷವು ಎಂಬೆಕಿಯವರನ್ನು ರಾಷ್ಟ್ರಾಧ್ಯಕ್ಷಪದವಿಯಿಂದಲೂ ಹಿಂದಕ್ಕೆ ಕರೆಸಿಕೊಂಡಿತು.

ಇದನ್ನು ಕೇವಲ ಭ್ರಷ್ಟರ ಜಯವೆಂದು ಬರೆಯುವವರಿದ್ದಾರೆ. ಈ ಮಾತನ್ನು ನಾನು ಪೂರ್ತಿಯಾಗಿ ಒಪ್ಪಲಾರೆ. ಎಂಬೆಕಿ ಮೂರನೆಯ ಬಾರಿ ಪಕ್ಷದ ಅಧ್ಯಕ್ಷರಾಗಲು ಹೊರಟಿದ್ದರು. ರಾಜ್ಯದ ತನಿಖಾಯಂತ್ರವು ಅವರ ಪಕ್ಷಪಾತಿಗಳ ಆಯುಧವಾಗಿದೆಯೆಂಬ ಶಂಕೆ ನಿರಾಧಾರವೆಂದು ಪ್ರತಿನಿಧಿಗಳಿಗೆ ತೋರಲಿಲ್ಲ. 2001ರ ‘ಒಳಸಂಚಿ’ನ ನೆನಪು ಇನ್ನೂ ಹಸಿಯಾಗಿತ್ತು. ಪಕ್ಷದೊಳಗೆ ನಂಬಲರ್ಹವಾದ ಮಧ್ಯಸ್ಥನೇ ಇಲ್ಲದಿದ್ದಾಗ, ಲಂಚದ ಆರೋಪವೂ ಉತ್ತರಾಧಿಕಾರದ ಜಗಳದಲ್ಲಿ ಒಂದು ಕತ್ತಿಯಾಗಿಬಿಡುತ್ತದೆ. ಹಾಗಾದ ಮೇಲೆ ಆರೋಪದ ಸತ್ಯಾಸತ್ಯವನ್ನು ಯಾರೂ ಕೇಳುವುದಿಲ್ಲ. ಕತ್ತಿ ಯಾರ ಕೈಯಲ್ಲಿದೆಯೆಂದು ಕೇಳುತ್ತಾರೆ.

ಝೂಮರ ಆಳ್ವಿಕೆಯ ಕಥೆ ಪರಿಚಿತವಾದುದರಿಂದ ಅದನ್ನು ವಿಸ್ತರಿಸುವುದಿಲ್ಲ. ಭಾರತದ ಸಹಾರನ್‌ಪುರದಿಂದ ಹೋದ ಗುಪ್ತ ಸಹೋದರರ ಪಾತ್ರವು ಭಾರತೀಯ ವಾಚಕರಿಗೆ ಸಂಕೋಚವನ್ನುಂಟುಮಾಡುವಂಥದು. 2013ರಲ್ಲಿ ಅವರ ಮನೆಯ ಮದುವೆಯ ಬೀಗರಿಷ್ಟರನ್ನು ಹೊತ್ತ ವಿಮಾನ ವಾಟರ್‌ಕ್ಲೂಫ್ ಎಂಬ ವಾಯುಸೇನೆಯ ನಿಲ್ದಾಣದಲ್ಲೇ ಇಳಿಯಿತು. ಹಣಕಾಸಿನ ಉಪಮಂತ್ರಿಯಾಗಿದ್ದ ಎಂಸೆಬಿಸಿ ಜೋನಾಸ್, ಆ ಕುಟುಂಬವು ತಮಗೆ ಮಂತ್ರಿಪದವಿಯನ್ನು ನೀಡಬಂದಿತೆಂದು 2016ರ ಮಾರ್ಚಿಯಲ್ಲಿ ಬಹಿರಂಗವಾಗಿ ಹೇಳಿದರು, ಕುಟುಂಬ ಅಲ್ಲಗಳೆಯಿತು. ನಮ್ಮ ವಿಷಯಕ್ಕೆ ಇವುಗಳಿಗಿಂತ ಮುಖ್ಯವಾದುದು 2012ರ ಒಂದು ತೀರ್ಪು. ಆ ವರ್ಷದ ಮಾಂಗಾಂಗ್ ಅಧಿವೇಶನಕ್ಕೆ ಎರಡು ದಿನ ಮುಂಚೆ ಸಂವಿಧಾನ ನ್ಯಾಯಾಲಯವು ಫ್ರೀ ಸ್ಟೇಟ್ ಪ್ರಾಂತದ ಪಕ್ಷಸಮ್ಮೇಳನವನ್ನೇ, ಶಾಖಾಸಭೆಗಳಲ್ಲಿ ನಡೆದ ಅಕ್ರಮಗಳ ಕಾರಣದಿಂದ, ಅಸಿಂಧುವೆಂದು ಸಾರಿತು. ಶಾಖೆಯ ವಿವೇಕದ ಮೇಲೆ ಭಾರಹಾಕಿದ ಪತ್ರಕ್ಕೆ ನ್ಯಾಯಾಲಯವೇ ಬರೆದ ಟಿಪ್ಪಣಿಯೆಂದು ಇದನ್ನು ಓದಬಹುದು. ಆದರೂ ಅಧಿವೇಶನ ನಡೆಯಿತು. ಝೂಮ 2,983 ಮತಗಳಿಂದ ಮರಳಿ ಆರಿಸಿ ಬಂದರು, ಕ್ಗಾಲೆಮ ಮೋಟ್ಲಾಂತೆಯವರಿಗೆ 991.

ನ್ಯಾಯಾಧೀಶ ರೇಮಂಡ್ ಝೊಂಡೊ ಅವರ ಆಯೋಗದ ವರದಿ 2022ರಲ್ಲಿ ಕಂತುಕಂತಾಗಿ ಹೊರಬಂದಿತು. ಪತ್ರವು ಮುಟ್ಟದೆ ಬಿಟ್ಟ ಸ್ಥಳವನ್ನು ಅದು ಮುಟ್ಟಿತು. ಸರಕಾರಿ ಹುದ್ದೆಗಳಿಗೆ ಪಕ್ಷದವರನ್ನು ಸೂಚಿಸುವ ನಿಯೋಜನಾ ಸಮಿತಿಯ ಪದ್ಧತಿಯು ಸಂವಿಧಾನಕ್ಕೆ ಹೊಂದುವುದಿಲ್ಲವೆಂದಿತು. ಝೂಮರ ಕಾಲದಲ್ಲಿ 2012ರ ಕೊನೆಯಿಂದ ಐದು ವರ್ಷ ಆ ಸಮಿತಿಯ ಅಧ್ಯಕ್ಷತೆ ಪಕ್ಷದ ಉಪಾಧ್ಯಕ್ಷ ರಾಮಫೋಸ ಅವರದಾಗಿತ್ತು.

ರಾಮಫೋಸ ಶುದ್ಧೀಕರಣದ ವಾಗ್ದಾನದೊಡನೆ ಬಂದವರು. 2017ರ ಡಿಸೆಂಬರಿನಲ್ಲಿ ನಾಸ್ರೆಕ್ ಅಧಿವೇಶನದಲ್ಲಿ ಅವರಿಗೆ 2,440, ಎಂಕೊಸಜಾನ ದ್ಲಾಮಿನಿ-ಝೂಮ ಅವರಿಗೆ 2,261, ಅಂತರ 179. ಅವರ ಪರ ಪ್ರಚಾರಕ್ಕೆ ಖಾಸಗಿ ದಾನಿಗಳು ಕೋಟಿಗಟ್ಟಲೆ ರ‍್ಯಾಂಡ್ ಕೊಟ್ಟಿದ್ದರೆಂಬುದು ಆಮೇಲೆ ತಿಳಿದುಬಂದಿತು. ದಾನಿಗಳಲ್ಲೊಬ್ಬರು ಸರಕಾರದ ಗುತ್ತಿಗೆಗಳಿಗೆ ಹೆಸರಾಗಿದ್ದ ಬೊಸಾಸ ಸಂಸ್ಥೆಯ ಮುಖ್ಯಸ್ಥರು. ಅವರು ಕೊಟ್ಟುದು ಐದು ಲಕ್ಷ. ಅಧ್ಯಕ್ಷರಿಗೆ ಅದರಿಂದ ಸ್ವಂತ ಲಾಭವಾಗಲಿಲ್ಲವೆಂದು ಸಂವಿಧಾನ ನ್ಯಾಯಾಲಯ 2021ರಲ್ಲಿ ತೀರ್ಮಾನಿಸಿತು. ಕಾನೂನಿನ ಮಾತು ಅಲ್ಲಿಗೆ ಮುಗಿಯಿತು, ವಿಮರ್ಶಕನದು ಮುಗಿಯುವುದಿಲ್ಲ. ತನ್ನನ್ನು ಮುಂದುಮಾಡಿಕೊಳ್ಳುವುದೇ ಅಸಭ್ಯವೆಂದು ಹೇಳಿದ ಪಕ್ಷದಲ್ಲಿ, ಶುದ್ಧೀಕರಣದ ಅಭ್ಯರ್ಥಿಯೂ ಇಷ್ಟು ಹಣವಿಲ್ಲದೆ 179 ಮತಗಳ ಅಂತರವನ್ನು ಗಳಿಸಲಾಗುತ್ತಿರಲಿಲ್ಲವೆಂದೇ ನನಗೆ ತೋರುತ್ತದೆ. ಅವರ ಎದುರಾಳಿಗಳ ಖರ್ಚಿನ ಲೆಕ್ಕವಂತೂ ಹೊರಗೆ ಬರಲೇ ಇಲ್ಲ.

ಒಂದು ಸಣ್ಣ ವಿವರವನ್ನು ಸೇರಿಸುತ್ತೇನೆ. ಶಸ್ತ್ರಾಸ್ತ್ರ ಖರೀದಿಯ ಕಾಲದಲ್ಲಿ ಸಂಸತ್ತಿನ ರಕ್ಷಣಾ ಸಮಿತಿಯ ಮುಖ್ಯಸ್ಥರಾಗಿದ್ದ ಟೋನಿ ಯೆಂಗೇನಿ ಅವರು ಬೆಲೆಬಾಳುವ ಕಾರೊಂದನ್ನು ಸೋಡಿಯಲ್ಲಿ ಪಡೆದ ಪ್ರಕರಣದಲ್ಲಿ 2003ರಲ್ಲಿ ವಂಚನೆಯ ಅಪರಾಧಿಯಾದರು. 2006ರಲ್ಲಿ ಅವರು ಸೆರೆಮನೆಗೆ ಹೋದಾಗ ಪಕ್ಷದವರು ಅವರನ್ನು ಹೆಗಲ ಮೇಲೆ ಹೊತ್ತು ಬಾಗಿಲವರೆಗೆ ಬಿಟ್ಟುಬಂದರು. ಪೋಲೋಕ್ವಾನೆಯಲ್ಲಿ ಅವರು ಪಕ್ಷದ ರಾಷ್ಟ್ರೀಯ ಕಾರ್ಯಸಮಿತಿಗೆ ಆಯ್ಕೆಯಾದರು. 2018ರಲ್ಲಿ ಅಪರಾಧ ಮತ್ತು ಭ್ರಷ್ಟಾಚಾರಗಳನ್ನು ಕುರಿತ ಪಕ್ಷದ ಕಾರ್ಯತಂಡಕ್ಕೆ ಅವರೇ ಮುಖ್ಯಸ್ಥರಾದರು. ತರಗತಿಯಲ್ಲಿ ಇದನ್ನು ಹೇಳಿದಾಗ ವಿದ್ಯಾರ್ಥಿಗಳು ನಕ್ಕರು. ನಗುವಂಥದೇ, ಆದರೆ ಪಕ್ಷದವರು ಅದನ್ನು ಹಾಸ್ಯಕ್ಕಾಗಿ ಮಾಡಿರಲಿಲ್ಲ. ಹೆಗಲುಕೊಟ್ಟವರ ದೃಷ್ಟಿಯಲ್ಲಿ ಅವರು ಅಪರಾಧಿಯಲ್ಲ, ತಮ್ಮವರು.

ಆರೋಪಪಟ್ಟಿ ಸಲ್ಲಿಸಲ್ಪಟ್ಟವರು ಪದವಿಯಿಂದ ಬದಿಗೆ ಸರಿಯಬೇಕೆಂಬ ನಿಯಮ ಬಂದುದು ಪತ್ರಕ್ಕಿಂತ ಒಂದು ಹೆಜ್ಜೆ ಮುಂದೆ ಎನ್ನಬೇಕು. ಗುಣಗಳ ಪಟ್ಟಿಗಿಂತ ನಿಯಮ ಮೇಲು. ಅದರಂತೆ 2021ರಲ್ಲಿ ಪ್ರಧಾನ ಕಾರ್ಯದರ್ಶಿ ಏಸ್ ಮಗಾಶೂಲೆ ಅಮಾನತುಗೊಂಡರು. ಆದರೆ ಅದು ತಮ್ಮ ಬಣದ ವಿರುದ್ಧ ಹೂಡಿದ ಬಾಣವೆಂದು ಅವರ ಕಡೆಯವರು ಕೂಗಿದರು. 2005ರ ಮಾತೇ ಮತ್ತೆ ಕೇಳಿಬಂದಿತು.

2022ರ ಡಿಸೆಂಬರ್ 13ರಂದು ಸಂಸತ್ತು, ರಾಮಫೋಸರ ಫಾಲಾ ಫಾಲಾ ಜಮೀನಿನಲ್ಲಿ ಸೋಫಾದೊಳಗಿಂದ ಕಳುವಾದ ವಿದೇಶೀ ಹಣವನ್ನು ಕುರಿತ ಸ್ವತಂತ್ರ ಮಂಡಲಿಯ ವರದಿಯನ್ನು 214ಕ್ಕೆ 148 ಮತಗಳಿಂದ ತಳ್ಳಿಹಾಕಿತು. ಅದೇ ವಾರ ಸೇರಿದ ಅಧಿವೇಶನದಲ್ಲಿ ಅವರ ಎದುರಿಗೆ ನಿಂತವರು ಝ್ವೇಲಿ ಎಂಖೀಜೆ; ಆರೋಗ್ಯ ಇಲಾಖೆಯ ಗುತ್ತಿಗೆಯೊಂದರ ಹಗರಣದಿಂದಾಗಿ ಹಿಂದಿನ ವರ್ಷವಷ್ಟೇ ಮಂತ್ರಿಪದವಿಯನ್ನು ಬಿಟ್ಟಿದ್ದವರು. ಇಬ್ಬರೂ ತಮ್ಮ ಮೇಲಿನ ಆರೋಪಗಳನ್ನು ನಿರಾಕರಿಸಿದ್ದರು. ಪ್ರತಿನಿಧಿಗಳು ರಾಮಫೋಸರಿಗೆ 2,476 ಮತಗಳನ್ನೂ ಎಂಖೀಜೆಯವರಿಗೆ 1,897 ಮತಗಳನ್ನೂ ಕೊಟ್ಟರು. ಹದಿನೇಳು ತಿಂಗಳುಗಳ ಅನಂತರ, 2024ರ ಮೇ ತಿಂಗಳ ಮಹಾಚುನಾವಣೆಯಲ್ಲಿ, ಪಕ್ಷಕ್ಕೆ ಬಂದುದು ನೂರಕ್ಕೆ ನಲವತ್ತು ಮತಗಳು. ಝೂಮ ಮುಂದೆ ನಿಂತು ನಡೆಸಿದ ಹೊಸ ಪಕ್ಷಕ್ಕೆ ಹದಿನಾಲ್ಕೂವರೆ.