ಒಪ್ಪದೆಯೂ ನುಡಿಸಿದ ಲಯ

ತಾನು ಒಪ್ಪದ ಸಂಗೀತವನ್ನು ಕಲಾವಿದನೊಬ್ಬ ಮನಸ್ಸಿಟ್ಟು ನುಡಿಸಬಲ್ಲನೇ? ಈ ಪ್ರಶ್ನೆಯನ್ನು ಎದುರಿಗಿಟ್ಟುಕೊಂಡು ಕೇಳಬೇಕಾದ ಧ್ವನಿಮುದ್ರಿಕೆಯೊಂದಿದೆ. ಅದು 1962ರ ಏಪ್ರಿಲ್ 6ರಂದು ನ್ಯೂಯಾರ್ಕಿನ ಕಾರ್ನೆಗಿ ಹಾಲ್‌ನಲ್ಲಿ ನಡೆದ ಕಛೇರಿಯದು. ಕೃತಿ ಬ್ರಾಮ್ಸ್‌ನ ಮೊದಲನೆಯ ಪಿಯಾನೋ ಕನ್ಸರ್ಟೋ. ಪಿಯಾನೋ ನುಡಿಸಿದವರು 29 ವರ್ಷದ ಕೆನಡಾದ ಗ್ಲೆನ್ ಗೂಲ್ಡ್. ನ್ಯೂಯಾರ್ಕ್ ಫಿಲ್‌ಹಾರ್ಮೋನಿಕ್ ವಾದ್ಯವೃಂದವನ್ನು ನಡೆಸಿದವರು ಲಿಯೊನಾರ್ಡ್ ಬರ್ನ್‌ಸ್ಟೀನ್. ಸಂಗೀತ ಶುರುವಾಗುವ ಮೊದಲು ಬರ್ನ್‌ಸ್ಟೀನ್ ಸಭೆಯತ್ತ ತಿರುಗಿ, ಗೂಲ್ಡ್ ಆರಿಸಿಕೊಂಡ ನಿಧಾನಗತಿ ತಮಗೆ ಸಮ್ಮತವಲ್ಲ ಎಂದರು. ಕನ್ಸರ್ಟೋದಲ್ಲಿ ಯಜಮಾನ ಯಾರು, ವಾದಕನೋ ನಿರ್ದೇಶಕನೋ ಎಂದು ಕೇಳಿ ನಗಿಸಿದರು. ಆದರೂ ತಾವೇಕೆ ನಡೆಸಿಕೊಡುತ್ತಿದ್ದೇವೆ ಎಂಬುದಕ್ಕೂ ಕಾರಣ ಕೊಟ್ಟರು: ಗೂಲ್ಡ್ ಗಂಭೀರ ಕಲಾವಿದ, ಅವರ ಕಲ್ಪನೆ ಜನರ ಕಿವಿಗೆ ಬೀಳಬೇಕು.

ಆ ರಾತ್ರಿಯ ಕಥೆಯನ್ನು ಬಹಳ ಜನ ಹೇಳಿದ್ದಾರೆ. ಸಂಗೀತವನ್ನು ಕೇಳಿದವರು ಕಡಿಮೆ. ಕಥೆಯನ್ನು ಬದಿಗಿಟ್ಟು ಕೃತಿಯಿಂದಲೇ ಆರಂಭಿಸೋಣ.

1854ರ ಫೆಬ್ರವರಿಯಲ್ಲಿ ಬ್ರಾಮ್ಸ್‌ನ ಹಿತಚಿಂತಕ ರಾಬರ್ಟ್ ಶೂಮನ್ ರೈನ್ ನದಿಗೆ ಹಾರಿದ. ಜನ ಅವನನ್ನು ಮೇಲೆತ್ತಿದರು, ಆದರೆ ಉಳಿದ ದಿನಗಳನ್ನು ಅವನು ಮಾನಸಿಕ ಆಸ್ಪತ್ರೆಯಲ್ಲಿ ಕಳೆದು 1856ರಲ್ಲಿ ತೀರಿಕೊಂಡ. ಇಪ್ಪತ್ತರ ಬ್ರಾಮ್ಸ್ ಈ ಕೃತಿಗೆ ಕೈಹಾಕಿದ್ದು ಅದೇ 1854ರಲ್ಲಿ. ಮೊದಲು ಎರಡು ಪಿಯಾನೋಗಳ ಸೊನಾಟಾ, ಆಮೇಲೆ ಸಿಂಫನಿಯ ಯತ್ನ, ಕೊನೆಗೆ ಕನ್ಸರ್ಟೋ. 1859ರ ಜನವರಿಯಲ್ಲಿ ಲೈಪ್ಸಿಗ್‌ನ ಶ್ರೋತೃಗಳು ಇದನ್ನು ಹಿಸ್ ಎಂದು ಸದ್ದು ಮಾಡಿ ಅವಮಾನಿಸಿದರು.

ಕೃತಿಯ ಸ್ಥಾಯಿ ಡಿ ಮೈನರ್. ನಮ್ಮ ಭಾಷೆಯಲ್ಲಿ ಸ್ಥೂಲವಾಗಿ ಹೇಳುವುದಾದರೆ ಕೋಮಲ ಗಾಂಧಾರದ ಲೋಕ. ಆದರೆ ಬ್ರಾಮ್ಸ್ ಆ ಲೋಕದೊಳಗೆ ನಮ್ಮನ್ನು ನೇರವಾಗಿ ಬಿಡುವುದಿಲ್ಲ. ಕೆಳಗೆ ನಗಾರಿಯೂ ಮಂದ್ರ ವಾದ್ಯಗಳೂ ಷಡ್ಜವನ್ನು ಗುಡುಗಿಸುತ್ತಿದ್ದರೆ, ಮೇಲೆ ಪಿಟೀಲುಗಳು ಕೋಮಲ ಧೈವತವನ್ನೇ ನೆಲೆ ಮಾಡಿಕೊಂಡು ಎದ್ದು ನಿಲ್ಲುತ್ತವೆ. ಅಡಿಪಾಯ ಒಂದು ಕಡೆ, ಗೋಡೆ ಇನ್ನೊಂದು ಕಡೆ. ಸಾವಿನ ಸುದ್ದಿ ಬಂದ ಮನೆಯಲ್ಲಿ ಯಾವ ವಸ್ತುವೂ ತನ್ನ ಜಾಗದಲ್ಲಿಲ್ಲ ಅನ್ನಿಸುವಂಥ ಅಸ್ಥಿರತೆ ಅದು. ವೇಗವಾಗಿ ನುಡಿಸಿದಾಗ ಇದು ಸಿಟ್ಟಿನಂತೆ ಕೇಳುತ್ತದೆ. ಗೂಲ್ಡ್‌ನ ಗತಿಯಲ್ಲಿ ಸಿಟ್ಟು ಇಳಿದು ಭಾರ ಉಳಿಯುತ್ತದೆ.

ಈ ನಿಧಾನ ಎಷ್ಟು? ಸಾಮಾನ್ಯವಾಗಿ 45ರಿಂದ 50 ನಿಮಿಷಗಳಲ್ಲಿ ಮುಗಿಯುವ ಕೃತಿ ಇಲ್ಲಿ ಸುಮಾರು 53 ನಿಮಿಷ ತೆಗೆದುಕೊಳ್ಳುತ್ತದೆ. ಅಂಕಿಯಲ್ಲಿ ವ್ಯತ್ಯಾಸ ದೊಡ್ಡದಲ್ಲ, ಕಿವಿಗೆ ಮಾತ್ರ ದೊಡ್ಡದು. ಮೊದಲ ಭಾಗವೊಂದೇ 25 ನಿಮಿಷ ದಾಟುತ್ತದೆ. ಬಹುತೇಕ ಪಿಯಾನೋ ವಾದಕರು ಆರ್ಭಟದ ಜಾಗದಲ್ಲಿ ಓಡಿ, ಎಫ್ ಮೇಜರ್‌ನ ಎರಡನೆಯ ಸ್ವರಪ್ರಸ್ತಾಪ ಬಂದಾಗ ನಿಂತು ಅದನ್ನು ಮುದ್ದಿಸುತ್ತಾರೆ. ಗೂಲ್ಡ್ ಹಾಗೆ ಮಾಡುವುದಿಲ್ಲ. ಗುಡುಗೂ ಪ್ರಾರ್ಥನೆಯೂ ಹೆಚ್ಚುಕಡಿಮೆ ಒಂದೇ ನಡಿಗೆಯಲ್ಲಿ ಬರುತ್ತವೆ. ಅಳುವ ಜಾಗ ಇದು ಎಂದು ಕೇಳುಗನಿಗೆ ಯಾರೂ ಗುರುತು ಹಾಕಿ ಕೊಡುವುದಿಲ್ಲ. ಕಥೆ ಬರೆಯುವವನಾಗಿ ನನಗೆ ಈ ಸಂಯಮ ಪಾಠದಂತೆ ಕಂಡಿದೆ.

ಎರಡನೆಯ ಭಾಗ ಡಿ ಮೇಜರ್. ಅದೇ ಷಡ್ಜ, ಗಾಂಧಾರ ಮಾತ್ರ ಶುದ್ಧ. ಹಸ್ತಪ್ರತಿಯಲ್ಲಿ ಬ್ರಾಮ್ಸ್ ಇದರ ಮೇಲೆ ಲ್ಯಾಟಿನ್ ಪ್ರಾರ್ಥನೆಯ ಮಾತುಗಳನ್ನು ಬರೆದಿದ್ದ. ವಿಚಿತ್ರವೆಂದರೆ ಇಲ್ಲಿ ಗೂಲ್ಡ್ ಅಷ್ಟೇನೂ ನಿಧಾನವಲ್ಲ. ಮೊದಲೆರಡು ಭಾಗಗಳಿಗೂ ಬ್ರಾಮ್ಸ್ ಒಂದೇ ತಾಳಮಾನ ಕೊಟ್ಟಿದ್ದಾನೆ, ಒಂದು ಅಳತೆಗೆ ಆರು ಎಣಿಕೆ. ಗೂಲ್ಡ್ ಅವೆರಡನ್ನೂ ಹತ್ತಿರ ತಂದು, ದುಃಖವೂ ಸಮಾಧಾನವೂ ಒಂದೇ ಉಸಿರಿನವು ಎಂದು ತೋರಿಸುತ್ತಾರೆ. ಸೋಲುವುದು ಕೊನೆಯ ಭಾಗದಲ್ಲಿ. ಅಲ್ಲಿ ಬ್ರಾಮ್ಸ್‌ಗೆ ಕುಣಿತದ ಕಸುವು ಬೇಕು. ಇಲ್ಲಿ ಕಾಲೆತ್ತಿದಲ್ಲೇ ಲೆಕ್ಕ ಹಾಕುವ ಕುಣಿತವಿದೆ. ಅಲ್ಲಲ್ಲಿ ವಾದ್ಯವೃಂದವೂ ತಡವರಿಸುತ್ತದೆ. ಒಪ್ಪದ ಲಯವನ್ನು ಹೊರುವುದು ಸುಲಭವಲ್ಲ.

ನ್ಯೂಯಾರ್ಕ್ ಟೈಮ್ಸ್‌ನ ಹೆರಾಲ್ಡ್ ಶೋನ್‌ಬರ್ಗ್ ಮರುಕ್ಷಣವೇ ಗೇಲಿ ಮಾಡಿದರು, ವೇಗವಾಗಿ ನುಡಿಸುವ ತಾಂತ್ರಿಕ ಶಕ್ತಿಯೇ ಗೂಲ್ಡ್‌ಗೆ ಇಲ್ಲವೇನೋ ಎಂದು ಚುಚ್ಚಿದರು. ಗೂಲ್ಡ್ ಮಾತ್ರ ಬರ್ನ್‌ಸ್ಟೀನ್‌ರ ಮಾತಿನಿಂದ ತಮಗೆ ನೋವಾಗಲಿಲ್ಲ ಎಂದೇ ಹೇಳಿದರು. 1964ರಲ್ಲಿ ಅವರು ಕಛೇರಿಗಳನ್ನೇ ಬಿಟ್ಟರು. ಈ ಧ್ವನಿಮುದ್ರಿಕೆ ಅಧಿಕೃತವಾಗಿ ಹೊರಬಂದದ್ದು 1998ರಲ್ಲಿ, ಇಬ್ಬರೂ ತೀರಿಹೋದ ಮೇಲೆ. ಅಷ್ಟರಲ್ಲಿ ಬರ್ನ್‌ಸ್ಟೀನ್ 1980ರ ದಶಕದಲ್ಲಿ ಕ್ರಿಸ್ಟಿಯನ್ ಝಿಮರ್‌ಮನ್ ಜೊತೆ ವಿಯೆನ್ನಾ ಫಿಲ್‌ಹಾರ್ಮೋನಿಕ್‌ನಲ್ಲಿ ಇದೇ ಕೃತಿಯನ್ನು ಮುದ್ರಿಸಿದ್ದರು. ಅದರ ಅವಧಿ ಗೂಲ್ಡ್‌ರದಕ್ಕಿಂತ ಕಡಿಮೆಯೇನಿಲ್ಲ!

ಬರ್ನ್‌ಸ್ಟೀನ್ ಮಾಡಿದ್ದು ಸರಿಯೇ? ಪೂರ್ತಿ ಸರಿ ಎನ್ನಲಾರೆ. ಮೊದಲೇ ನಿಧಾನ ಎಂದು ಸಾರಿದರೆ ಕೇಳುಗನ ಕಿವಿ ಗಡಿಯಾರವಾಗುತ್ತದೆ. ಆದರೂ ಅವರು ಗೂಲ್ಡ್‌ರನ್ನು ವೇದಿಕೆಯಿಂದ ಇಳಿಸಲಿಲ್ಲ, ಲಯವನ್ನು ಗುಟ್ಟಾಗಿ ಮುಂದಕ್ಕೆ ತಳ್ಳಿ ಕೆಡಿಸಲಿಲ್ಲ. ಭಿನ್ನಾಭಿಪ್ರಾಯವನ್ನು ಬಹಿರಂಗವಾಗಿ ಹೇಳಿ, ಆಮೇಲೆ ಕೋಲೆತ್ತಿ ದುಡಿದರು. ನಾಲ್ಕು ಮದ್‌ಹಬ್‌ಗಳ ಪರಂಪರೆಯಲ್ಲಿ ಬೆಳೆದ ನಮಗೆ ಇಖ್ತಿಲಾಫಿಗೂ ಒಂದು ಅದಬ್ ಇದೆ ಎಂಬುದು ಹೊಸದಲ್ಲ. ಆದರೆ ನಮ್ಮ ಸಭೆಗಳಲ್ಲಿ, ಮಸೀದಿಯ ಕಮಿಟಿಯಿರಲಿ ಸಾಹಿತ್ಯ ಸಮ್ಮೇಳನವಿರಲಿ, ಒಪ್ಪದವನನ್ನು ಕರೆಯದಿರುವುದೇ ಸುಲಭದ ದಾರಿಯಾಗಿಬಿಟ್ಟಿದೆ.

ಮುದ್ರಿಕೆ ಸಿಕ್ಕರೆ ಒಂದು ಕೆಲಸ ಮಾಡಿ. ಬರ್ನ್‌ಸ್ಟೀನ್‌ರ ಮಾತನ್ನು ಬಿಟ್ಟು ಮೊದಲು ಸಂಗೀತ ಕೇಳಿ. ಆಮೇಲೆ ಆ ಮಾತನ್ನು ಕೇಳಿ, ನಿಮ್ಮ ತೀರ್ಪು ನೀವೇ ಕೊಡಿ.